ಹಸಿರು ಕಡಲಾಮೆ ಮತ್ತು ಹಸಿರು ಬೂಷ್ಟು: ನೌಕಾಯಾನದ ಇತಿಹಾಸದಲ್ಲಿ ಎರಡು ಜೀವಿಗಳ ತೌಲನಿಕ ಅವಲೋಕನ

ಶಾಸನ, ಕಡತ, ನಾಣ್ಯ ಹಾಗೂ ಸ್ಮಾರಕಗಳ ಆಧಾರದಿಂದ ಇತಿಹಾಸವನ್ನು ರಚಿಸುವುದು ನಮ್ಮಲ್ಲಿ ರೂಢಿಯಾಗಿ ಬಂದಿರುವ ಕ್ರಮ. ಈ ಆಕರಗಳಲ್ಲಿ ಮನುಷ್ಯೇತರ ಜೀವಿಗಳು ಕಾಣಿಸಿಕೊಳ್ಳುವುದು ದಾನದ ವಸ್ತುವಾಗಿ, ಸುಂಕದ ಸರಕಾಗಿ ಅಥವಾ ಬೇಟೆಯ ಫಲವಾಗಿ ಮಾತ್ರ. ಅವುಗಳಿಗೂ ತಮ್ಮದೇ ಆದ ಕಾಲಗತಿಯಿದೆ, ಆ ಕಾಲಗತಿಯು ಮಾನವನ ವ್ಯಾಪಾರ, ಯುದ್ಧ, ಕಾನೂನುಗಳ ಮೇಲೆ ಪರಿಣಾಮ ಬೀರಿದೆ ಎಂಬ ಅಂಶ ಬಹುಕಾಲ ಗಮನಕ್ಕೆ ಬಾರದೆ ಉಳಿದಿತ್ತು. ಪ್ರಸ್ತುತ ಪ್ರಬಂಧದಲ್ಲಿ ಹಸಿರು ಕಡಲಾಮೆ ಮತ್ತು ನಿಂಬೆ-ಕಿತ್ತಳೆ ಜಾತಿಯ ಹಣ್ಣುಗಳನ್ನು ಕೆಡಿಸುವ ಹಸಿರು ಬೂಷ್ಟು ಎಂಬ ಎರಡು ಜೀವಿಗಳನ್ನು ತೌಲನಿಕವಾಗಿ ಪರಿಶೀಲಿಸಲು ಯತ್ನಿಸಲಾಗಿದೆ.

ಮೇಲುನೋಟಕ್ಕೆ ಈ ಹೋಲಿಕೆ ಅಸಂಗತವೆನಿಸಬಹುದು. ಒಂದು ನೂರೈವತ್ತು ಕಿಲೋಗ್ರಾಂವರೆಗೂ ತೂಗಬಲ್ಲ ಸಮುದ್ರಜೀವಿ. ಮತ್ತೊಂದು ಸೂಕ್ಷ್ಮದರ್ಶಕದಡಿ ಮಾತ್ರ ರೂಪ ತೋರುವ ಶಿಲೀಂಧ್ರ. ಆದರೆ ಇವೆರಡೂ ಒಂದೇ ಚಾರಿತ್ರಿಕ ಸಂದರ್ಭದಲ್ಲಿ, ಅಂದರೆ ದೀರ್ಘ ನೌಕಾಯಾನದ ಯುಗದಲ್ಲಿ, ಒಂದೇ ಹಡಗಿನ ಉಗ್ರಾಣದಲ್ಲಿ ಮನುಷ್ಯನಿಗೆ ಎದುರಾದವು. ಈ ಕಾರಣದಿಂದ ಇವುಗಳ ಹೋಲಿಕೆಗೆ ಗಟ್ಟಿಯಾದ ಚಾರಿತ್ರಿಕ ನೆಲೆಯಿದೆ.

1. ಜೀವಿಗಳ ಪರಿಚಯ ಮತ್ತು ನಾಮಕರಣ

ಸ್ವೀಡನ್ನಿನ ವಿಜ್ಞಾನಿ ಲಿನೇಯಸನು 1758ರಲ್ಲಿ ಹಸಿರು ಕಡಲಾಮೆಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಇಂದು ಅದರ ಹೆಸರು ಕೆಲೋನಿಯ ಮೈಡಾಸ್. ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪವನ್ನು ಈ ಪ್ರಭೇದದ ಮೂಲ ಮಾದರಿಯ ನೆಲೆಯೆಂದು ಪರಿಗಣಿಸಲಾಗಿದೆ. 'ಹಸಿರು' ಎಂಬ ವಿಶೇಷಣ ಬಂದದ್ದು ಚಿಪ್ಪಿನ ಬಣ್ಣದಿಂದಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ. ಪ್ರೌಢ ಆಮೆಯ ಮುಖ್ಯ ಆಹಾರ ಕಡಲಹುಲ್ಲು ಮತ್ತು ಪಾಚಿ. ಕೊಬ್ಬಿನ ಬಣ್ಣವನ್ನು ಬಲ್ಲವರು ಅದನ್ನು ಕೊಯ್ದವರೇ ಆಗಿರಬೇಕು. ಹೀಗಾಗಿ ಈ ಹೆಸರೇ ಒಂದು ಆಕರ. ಮನುಷ್ಯನು ಈ ಪ್ರಾಣಿಯನ್ನು ಮೊದಲು ಆಹಾರವಾಗಿ ಅರಿತನೆಂಬುದು ಇದರಿಂದ ವೇದ್ಯವಾಗುತ್ತದೆ.

ಹಸಿರು ಬೂಷ್ಟಿನ ಶಾಸ್ತ್ರೀಯ ಹೆಸರು ಪೆನಿಸಿಲಿಯಂ ಡಿಜಿಟೇಟಂ. ಜರ್ಮನಿಯ ಲಿಂಕ್ 1809ರಲ್ಲಿ ಪೆನಿಸಿಲಿಯಂ ಎಂಬ ಕುಲವನ್ನು ಸ್ಥಾಪಿಸಿದನು. ಬೀಜಕಗಳನ್ನು ಹೊತ್ತ ಕವಲುಗಳು ಚಿತ್ರಕಾರನ ಕುಂಚದಂತೆ ಕಾಣುವುದರಿಂದ ಲ್ಯಾಟಿನ್ ಭಾಷೆಯ ಕುಂಚವಾಚಕ ಪದವನ್ನು ಆತ ಆಯ್ದುಕೊಂಡನು. ಪರ್ಸೂನ್ ಮೊದಲು ಬೇರೊಂದು ಕುಲದಲ್ಲಿ ವಿವರಿಸಿದ್ದ ಈ ಪ್ರಭೇದವನ್ನು ಇಟಲಿಯ ಸಕಾರ್ಡೊ 1881ರಲ್ಲಿ ಪೆನಿಸಿಲಿಯಂ ಕುಲಕ್ಕೆ ಸೇರಿಸಿದನು. ಇಲ್ಲಿಯೂ 'ಹಸಿರು' ಎಂಬುದು ಮನುಷ್ಯನ ಕಣ್ಣಿಗೆ ಬಿದ್ದ ಕೊನೆಯ ಹಂತದ ಬಣ್ಣ. ಹಣ್ಣಿನ ಮೇಲೆ ಮೊದಲು ಮೆತ್ತಗಿನ ನೀರುಗಟ್ಟಿದ ಕಲೆ ಮೂಡುತ್ತದೆ, ಅನಂತರ ಬಿಳಿಯ ಎಳೆಗಳು ಹರಡುತ್ತವೆ, ಕಟ್ಟಕಡೆಗೆ ಹಸಿರು ಬೀಜಕಗಳ ಪುಡಿ ಆವರಿಸುತ್ತದೆ. ಆಮೆಯ ಹಸಿರು ಲಾಭದ ಬಣ್ಣವಾದರೆ ಬೂಷ್ಟಿನ ಹಸಿರು ನಷ್ಟದ ಬಣ್ಣ.

ಜೀವವಿಕಾಸದ ದೃಷ್ಟಿಯಿಂದ ನೋಡಿದರೆ ಪ್ರಾಣಿಗಳು ಮತ್ತು ಶಿಲೀಂಧ್ರಗಳು ಸಸ್ಯಗಳಿಗಿಂತ ಪರಸ್ಪರ ಹೆಚ್ಚು ಹತ್ತಿರದ ಸಂಬಂಧ ಉಳ್ಳವು. ಬೂಷ್ಟನ್ನು ಸಸ್ಯವರ್ಗದ ಕೊನೆಯಲ್ಲಿ ಸೇರಿಸುತ್ತಿದ್ದ ಹಳೆಯ ಪದ್ಧತಿ ಈಗ ಬಳಕೆಯಲ್ಲಿಲ್ಲ.

2. ಅಂಜದೀವದಿಂದ ಮಲಿಂದಿಗೆ

ಈ ಕಥನಕ್ಕೆ ಕರ್ನಾಟಕದ ಕರಾವಳಿಯೊಡನೆ ನೇರವಾದ ಸಂಬಂಧವಿದೆ. ವಾಸ್ಕೋ ಡ ಗಾಮನ ಹಡಗುಗಳು 1498ರಲ್ಲಿ ಹಿಂದಿರುಗುವಾಗ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ದುರಸ್ತಿ ಮುಗಿಸಿ, ಅಕ್ಟೋಬರ್ ತಿಂಗಳ ಆರಂಭದಲ್ಲಿ ಆಫ್ರಿಕಾದತ್ತ ಹೊರಟವು. ಪ್ರತಿಕೂಲ ಗಾಳಿ ಮತ್ತು ಗಾಳಿಯಿಲ್ಲದ ದಿನಗಳ ಕಾರಣ ಅರಬ್ಬೀ ಸಮುದ್ರವನ್ನು ದಾಟಲು ಮೂರು ತಿಂಗಳಿಗೆ ಮೂರು ದಿನ ಕಡಿಮೆಯಷ್ಟು ಕಾಲ ಹಿಡಿಯಿತೆಂದು ಆ ಯಾನದ ದಿನಚರಿ ತಿಳಿಸುತ್ತದೆ. ವಸಡುಗಳು ಊದಿ, ಕಾಲುಗಳು ಬಾತು, ಮೂವತ್ತು ಮಂದಿ ಈ ಅವಧಿಯಲ್ಲಿ ಸತ್ತರು. 1499ರ ಜನವರಿಯಲ್ಲಿ ಮಲಿಂದಿಯನ್ನು ತಲುಪಿದಾಗ ರೋಗಿಗಳು ಬಯಸಿದ್ದು ಕಿತ್ತಳೆ ಹಣ್ಣನ್ನು. ಹಣ್ಣು ಬಂದರೂ ಕೆಲವರು ಬದುಕಲಿಲ್ಲ.

ಈ ರೋಗವೇ ಸ್ಕರ್ವಿ. ದೇಹಕ್ಕೆ 'ಸಿ' ಜೀವಸತ್ವ ದೊರೆಯದಿದ್ದಾಗ ಬರುವ ಈ ವ್ಯಾಧಿಯ ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಹುಳಿಹಣ್ಣಿನಿಂದ ಗುಣವಾಗುವುದೆಂಬ ಅನುಭವ ನಾವಿಕರಲ್ಲಿ ಬೆಳೆಯುತ್ತಿತ್ತು. ಹಿಮಾಲಯದ ಆಗ್ನೇಯ ತಪ್ಪಲಿನ ಪ್ರದೇಶದಲ್ಲಿ ವಿಕಾಸಗೊಂಡವೆಂದು 2018ರ ವಂಶವಾಹಿ ಅಧ್ಯಯನ ತೋರಿಸಿಕೊಟ್ಟ ನಿಂಬೆ-ಕಿತ್ತಳೆ ಸಸ್ಯಗಳನ್ನು ಮನುಷ್ಯನು ಅದಾಗಲೇ ಆಫ್ರಿಕಾದ ಕರಾವಳಿಗೂ ಮೆಡಿಟರೇನಿಯನ್ ತೀರಗಳಿಗೂ ಒಯ್ದಿದ್ದನು. ಹಸಿರು ಬೂಷ್ಟು ಬಹುಮಟ್ಟಿಗೆ ಈ ಜಾತಿಯ ಹಣ್ಣುಗಳನ್ನೇ ಅವಲಂಬಿಸಿದ ಜೀವಿ. ಆದುದರಿಂದ ಹಣ್ಣಿನ ವಿಸ್ತರಣೆಯ ಇತಿಹಾಸವೇ ಬೂಷ್ಟಿನ ವಿಸ್ತರಣೆಯ ಇತಿಹಾಸವೂ ಆಗುತ್ತದೆ.

3. ಆನ್ಸನ್ನನ ಯಾನ ಮತ್ತು ಲಿಂಡ್‌ನ ಪ್ರಯೋಗ

ಬ್ರಿಟಿಷ್ ನೌಕಾಪಡೆಯ ಜಾರ್ಜ್ ಆನ್ಸನ್ 1740ರಲ್ಲಿ ಸುಮಾರು 1900 ಜನರೊಡನೆ ಹೊರಟು 1744ರಲ್ಲಿ ಹಿಂದಿರುಗುವ ವೇಳೆಗೆ ಸುಮಾರು 1400 ಮಂದಿ ಗತಿಸಿದ್ದರು. ಅವರಲ್ಲಿ ಹೆಚ್ಚಿನವರು ಸ್ಕರ್ವಿಯಿಂದ ಮಡಿದವರು. ಈ ಯಾನದ ವೃತ್ತಾಂತ 1748ರಲ್ಲಿ ಹಡಗಿನ ಪಾದ್ರಿ ರಿಚರ್ಡ್ ವಾಲ್ಟರ್ ಹೆಸರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಗಮನಾರ್ಹವಾದ ಒಂದು ಭಾಗವಿದೆ. 1741ರ ಕೊನೆಯಲ್ಲಿ ಪನಾಮಾ ತೀರದ ಕ್ವಿಬೊ ದ್ವೀಪದಲ್ಲಿ ಹಡಗು ನಿಂತಾಗ ನಾವಿಕರು ಆಮೆಗಳನ್ನು ಹಿಡಿದು ತಿನ್ನತೊಡಗಿದರು, ಮುಂದೆ ತಿಂಗಳುಗಟ್ಟಲೆ ಅದೇ ಅವರ ಮುಖ್ಯ ಆಹಾರವಾಯಿತು. ಆ ಅವಧಿಯಲ್ಲಿ ಸಾವುಗಳು ಬಹಳ ಕಡಿಮೆಯಾದುದನ್ನು ವೃತ್ತಾಂತಕಾರನು ಆಮೆಯ ಮಾಂಸ ಆರೋಗ್ಯಕರವೆಂಬುದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾನೆ. ತಾಜಾ ಮಾಂಸದಲ್ಲಿ 'ಸಿ' ಜೀವಸತ್ವ ಅಲ್ಪ ಪ್ರಮಾಣದಲ್ಲಿ ಮಾತ್ರ ಇರುವುದರಿಂದ, ದಡ ಸೇರಿದ ಮೇಲೆ ದೊರೆತ ವಿಶ್ರಾಂತಿ ಮತ್ತು ಹಸಿರು ಸೊಪ್ಪುಗಳ ಪಾಲನ್ನೂ ಇಲ್ಲಿ ಕಡೆಗಣಿಸುವಂತಿಲ್ಲ.

ಆಮೆಗೆ ಇನ್ನೊಂದು ಗುಣವಿತ್ತು. ಅಂಗಾತ ಮಲಗಿಸಿ, ಆಗಾಗ ನೀರು ಚಿಮುಕಿಸುತ್ತಿದ್ದರೆ, ಮೇವಿಲ್ಲದೆಯೂ ಅದು ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತಿತ್ತು. ಕೊಳೆಯದ ಮಾಂಸವೆಂದರೆ ಸಾಯದ ಪ್ರಾಣಿಯ ಮಾಂಸ. ಈ ಸಹನಶಕ್ತಿಯೇ ಅದಕ್ಕೆ ಮುಳುವಾಯಿತು.

ಆನ್ಸನ್ನನ ಯಾನದ ದುರಂತವು ಹಡಗಿನ ವೈದ್ಯ ಜೇಮ್ಸ್ ಲಿಂಡ್‌ನನ್ನು ಚಿಂತನೆಗೆ ಹಚ್ಚಿತು. 1747ರ ಮೇ ತಿಂಗಳಲ್ಲಿ ಸಾಲ್ಸ್‌ಬರಿ ಎಂಬ ಯುದ್ಧನೌಕೆಯಲ್ಲಿ ಆತ ಹನ್ನೆರಡು ರೋಗಿಗಳನ್ನು ಆರು ಜೋಡಿಗಳಾಗಿ ವಿಂಗಡಿಸಿ ಬೇರೆ ಬೇರೆ ಉಪಚಾರ ನೀಡಿದನು. ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ನಿಂಬೆ ಪಡೆದ ಜೋಡಿ ಬೇಗ ಚೇತರಿಸಿಕೊಂಡಿತು. ಆರನೆಯ ದಿನಕ್ಕೆ ಹಡಗಿನಲ್ಲಿದ್ದ ಹಣ್ಣು ಮುಗಿದುಹೋಯಿತು. 1753ರಲ್ಲಿ ಪ್ರಕಟವಾದ ಸ್ಕರ್ವಿ ಕುರಿತ ತನ್ನ ಗ್ರಂಥವನ್ನು ಲಿಂಡ್ ಆನ್ಸನ್ನನಿಗೇ ಅರ್ಪಿಸಿದನು. ಆಮೆಯ ಮಾಂಸವನ್ನು ಹೊಗಳಿದ ಯಾನವೂ ಹುಳಿಹಣ್ಣಿನ ಮಹತ್ವವನ್ನು ಸಿದ್ಧಪಡಿಸಿದ ಗ್ರಂಥವೂ ಹೀಗೆ ಒಂದೇ ವ್ಯಕ್ತಿಯ ಹೆಸರಿನಲ್ಲಿ ಕೂಡಿಕೊಳ್ಳುತ್ತವೆ.

ಇಲ್ಲಿಂದ ಮುಂದೆ ಬೂಷ್ಟಿನ ಪಾತ್ರ ಆರಂಭವಾಗುತ್ತದೆ. ಹಣ್ಣು ಔಷಧವೆಂದು ತಿಳಿದರೂ ಅದನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವ ಬಗೆ ತಿಳಿದಿರಲಿಲ್ಲ. ಲಿಂಡ್ ಸೂಚಿಸಿದ ಪರಿಹಾರವೆಂದರೆ ರಸವನ್ನು ಕಾಯಿಸಿ ಗಟ್ಟಿಮಾಡಿದ ಪಾಕ. ದೀರ್ಘಕಾಲದ ಕಾಯಿಸುವಿಕೆಯಿಂದ ಜೀವಸತ್ವವೇ ನಾಶವಾಗುತ್ತಿದ್ದುದರಿಂದ ಆ ಪಾಕ ವಿಫಲವಾಯಿತು. ಆ ವೈಫಲ್ಯದಿಂದ ಹಣ್ಣಿನ ಗುಣದ ಬಗೆಗೂ ಸಂದೇಹ ಮೂಡಿತು. ಗಿಲ್ಬರ್ಟ್ ಬ್ಲೇನ್ ಮೊದಲಾದವರ ಒತ್ತಾಯದಿಂದ ನೌಕಾಪಡೆಯು 1795ರಲ್ಲಿ ನಿಂಬೆರಸದ ವಿತರಣೆಯನ್ನು ಒಪ್ಪಿಕೊಂಡಿತು. ಪ್ರಯೋಗಕ್ಕೂ ಆಚರಣೆಗೂ ನಡುವಣ 48 ವರ್ಷಗಳ ಅಂತರಕ್ಕೆ ಅಧಿಕಾರಿಗಳ ಉದಾಸೀನವನ್ನಷ್ಟೇ ಹೊಣೆ ಮಾಡುವುದು ವಾಡಿಕೆ. ಹಣ್ಣು ಕೆಡುವುದೆಂಬ ಸರಳ ಸಂಗತಿಯೂ ಅಷ್ಟೇ ಪ್ರಬಲವಾದ ಕಾರಣವಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಮುಂದೆ 1867ರಲ್ಲಿ ಲಾಕ್ಲನ್ ರೋಸ್ ಮದ್ಯಸಾರವಿಲ್ಲದೆ ಲೈಮ್ ಹಣ್ಣಿನ ರಸವನ್ನು ಸಂರಕ್ಷಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಆದರೆ ವೆಸ್ಟ್ ಇಂಡೀಸಿನ ಲೈಮ್ ರಸ ಮೆಡಿಟರೇನಿಯನ್ ನಿಂಬೆರಸಕ್ಕಿಂತ ದುರ್ಬಲವಾಗಿತ್ತು. 1875-76ರ ನೇರ್ಸ್ ನಾಯಕತ್ವದ ಉತ್ತರಧ್ರುವ ಯಾನದಲ್ಲಿ ಸ್ಕರ್ವಿ ಮತ್ತೆ ತಲೆದೋರಿತು. 1918ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಪ್ರಯೋಗದಿಂದ ತೋರಿಸಿದರು. 'ಸಿ' ಜೀವಸತ್ವದ ಸ್ವರೂಪ 1932ರಲ್ಲಿ ಖಚಿತವಾಯಿತು.

4. ಆಮೆಯ ಅವನತಿ

ಕೊಲಂಬಸನು 1503ರಲ್ಲಿ ಇಂದಿನ ಕೇಮನ್ ದ್ವೀಪಗಳನ್ನು ಕಂಡಾಗ ಅಲ್ಲಿ ಆಮೆಗಳು ಹೇರಳವಾಗಿದ್ದುದರಿಂದ ಅವುಗಳನ್ನು 'ಆಮೆಗಳ ದ್ವೀಪಗಳು' ಎಂಬ ಅರ್ಥದ ಹೆಸರಿನಿಂದ ಕರೆದನು. ಮಬ್ಬು ಕವಿದಾಗ ದಿಕ್ಕು ತಪ್ಪಿದ ಹಡಗುಗಳು ಈಜುವ ಆಮೆಗಳ ಸದ್ದನ್ನು ಅನುಸರಿಸಿ ಈ ದ್ವೀಪಗಳನ್ನು ಸೇರುತ್ತಿದ್ದವೆಂದು ಎಡ್ವರ್ಡ್ ಲಾಂಗ್ 1774ರಲ್ಲಿ ಪ್ರಕಟಿಸಿದ ಜಮೈಕಾದ ಇತಿಹಾಸದಲ್ಲಿ ಬರೆದಿದ್ದಾನೆ. ಇದನ್ನು ಅಕ್ಷರಶಃ ಒಪ್ಪಬೇಕಾಗಿಲ್ಲವಾದರೂ ಸಮೃದ್ಧಿಯ ನೆನಪು ಎಂತಹುದಿತ್ತೆಂಬುದಕ್ಕೆ ಅದು ದಾಖಲೆ. ಸುಮಾರು 1800ರ ವೇಳೆಗೆ ಅಲ್ಲಿಯ ಆಮೆಗಳು ವ್ಯಾಪಾರಕ್ಕೆ ಸಾಲದಷ್ಟು ಕ್ಷೀಣಿಸಿದವು. ಕೇಮನ್ನಿನ ಬೇಟೆಗಾರರು ಕ್ಯೂಬಾದ ದಕ್ಷಿಣ ತೀರಕ್ಕೂ ಅನಂತರ ನಿಕರಾಗುವಾದ ಮಿಸ್ಕಿಟೊ ತೀರಕ್ಕೂ ಹೋಗಬೇಕಾಯಿತು. ಇದೇ ಕಾಲದಲ್ಲಿ ಲಂಡನ್ನಿನ ಔತಣಕೂಟಗಳಲ್ಲಿ ಆಮೆಯ ಸಾರು ಶ್ರೀಮಂತಿಕೆಯ ಗುರುತಾಗಿತ್ತು; ಅದನ್ನು ಕೊಳ್ಳಲಾಗದವರಿಗಾಗಿ ಕರುವಿನ ತಲೆಯಿಂದ ಮಾಡಿದ ಹುಸಿ ಆಮೆಸಾರು ರೂಢಿಗೆ ಬಂದಿತು.

ಅಪಾಯದ ಅರಿವು ತಡವಾಗಿ ಬಂದಿತೆನ್ನಲು ಆಧಾರವಿಲ್ಲ. ಬರ್ಮುಡಾದ ಶಾಸನಸಭೆಯು 1620ರಲ್ಲಿಯೇ ಎಳೆಯ ಆಮೆಗಳನ್ನು ಕೊಲ್ಲುವುದನ್ನು ನಿಷೇಧಿಸಿತ್ತು. ದ್ವೀಪದ ಸುತ್ತ ಐದು ಲೀಗ್ ದೂರದೊಳಗೆ, ಹದಿನೆಂಟು ಅಂಗುಲ ಅಗಲವಿಲ್ಲದ ಆಮೆಯನ್ನು ಕೊಂದವರಿಗೆ ಹದಿನೈದು ಪೌಂಡ್ ಹೊಗೆಸೊಪ್ಪಿನ ದಂಡ ವಿಧಿಸಲಾಗುತ್ತಿತ್ತು. ಆದರೆ ಈ ಕಾನೂನು ಮೊಟ್ಟೆಯಿಡುವ ದೊಡ್ಡ ಹೆಣ್ಣಾಮೆಗೆ ರಕ್ಷಣೆ ಕೊಡಲಿಲ್ಲ. ಬರ್ಮುಡಾದಲ್ಲಿ ಗೂಡುಕಟ್ಟುವ ಹಸಿರು ಕಡಲಾಮೆಗಳ ಸಂತತಿ ಕ್ರಮೇಣ ಅಳಿಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಸ್ಟರೀಕಾದಿಂದ ಮೊಟ್ಟೆಗಳನ್ನು ಅಲ್ಲಿಗೆ ಒಯ್ಯಬೇಕಾಯಿತು.

5. ಬೂಷ್ಟಿನ ವಿಜಯ

ಬೂಷ್ಟಿನ ವಿಷಯದಲ್ಲಿ ಗತಿ ವಿರುದ್ಧ ದಿಕ್ಕಿನದು. ಕ್ಯಾಲಿಫೋರ್ನಿಯದಿಂದ 1877ರಲ್ಲಿ ಕಿತ್ತಳೆಯ ಮೊದಲ ರೈಲುಗಾಡಿ ಪೂರ್ವದ ಕಡೆಗೆ ಹೊರಟಿತು. ವ್ಯಾಪಾರ ಬೆಳೆದಂತೆ ದಾರಿಯಲ್ಲಿ ಕೊಳೆಯುವ ಹಣ್ಣಿನ ರಾಶಿಯೂ ಬೆಳೆಯಿತು. ಅಮೆರಿಕದ ಕೃಷಿ ಇಲಾಖೆಯ ಜಿ. ಹೆರಾಲ್ಡ್ ಪೊವೆಲ್ ಈ ಬಗ್ಗೆ ಹಲವು ವರ್ಷ ತನಿಖೆ ನಡೆಸಿ 1908ರಲ್ಲಿ ವರದಿಯನ್ನು ಪ್ರಕಟಿಸಿದನು. ಅವನ ನಿರ್ಣಯ ಸರಳವಾಗಿತ್ತು: ಬೂಷ್ಟು ಗಾಯವಿಲ್ಲದ ಸಿಪ್ಪೆಯನ್ನು ಭೇದಿಸುವುದಿಲ್ಲ, ಕೊಯ್ಯುವವರ ಕತ್ತರಿ ತಾಗಿದ ಗೀರು, ತೊಟ್ಟಿನ ಚುಚ್ಚು, ಬುಟ್ಟಿಗೆ ಎಸೆದಾಗ ಆದ ಪೆಟ್ಟು ಇವೇ ಅದರ ಬಾಗಿಲು. ಕೂಲಿಯನ್ನು ಪೆಟ್ಟಿಗೆಗಳ ಲೆಕ್ಕದಲ್ಲಿ ಕೊಟ್ಟರೆ ಕೊಯ್ಲಿನಲ್ಲಿ ಅವಸರವಾಗುತ್ತದೆ, ಅವಸರದಿಂದ ಗಾಯವಾಗುತ್ತದೆ. ಹಣ್ಣಿನ ಕೊಳೆತವು ಹೀಗೆ ಶ್ರಮದ ಇತಿಹಾಸದ ಭಾಗವೂ ಹೌದು.

ಅನಂತರ ಬಂದ ರಾಸಾಯನಿಕಗಳ ಕಥೆಯೂ ಬೋಧಪ್ರದ. ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1970ರ ದಶಕದ ಆರಂಭಕ್ಕೇ, ಅದಕ್ಕೆ ಜಗ್ಗದ ಬೂಷ್ಟಿನ ತಳಿಗಳು ಕ್ಯಾಲಿಫೋರ್ನಿಯದ ಹಣ್ಣುಗಟ್ಟುವ ಮನೆಗಳಲ್ಲಿ ಕಂಡುಬಂದವು. ಅನಂತರ ಬಂದ ಇಮಜಲಿಲ್‌ಗೂ ಅದೇ ಗತಿಯಾಯಿತು.

ಬೂಷ್ಟು ಕೇವಲ ಶತ್ರುವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1943ರಲ್ಲಿ ಅಮೆರಿಕದ ಪಿಯೋರಿಯಾ ನಗರದ ಪ್ರಯೋಗಾಲಯದಲ್ಲಿ ಬೂಷ್ಟು ಹಿಡಿದ ಒಂದು ಕರ್ಬೂಜದಿಂದ ಇದೇ ಕುಲದ ಮತ್ತೊಂದು ಪ್ರಭೇದದ ತಳಿಯನ್ನು ಬೇರ್ಪಡಿಸಲಾಯಿತು. ಅದರಿಂದ ಅಭಿವೃದ್ಧಿಪಡಿಸಿದ ತಳಿಗಳು ಪೆನಿಸಿಲಿನ್ನಿನ ಬೃಹತ್ ಉತ್ಪಾದನೆಗೆ ಆಧಾರವಾದವು. ಹಡಗಿನ ಹಣ್ಣನ್ನು ಕೆಡಿಸಿದ ಕುಲವೇ ಆಸ್ಪತ್ರೆಯ ರೋಗಿಯನ್ನು ಉಳಿಸಿತು.

6. ತೌಲನಿಕ ವಿವೇಚನೆ

ಈ ಎರಡು ಜೀವಿಗಳ ಚರಿತ್ರೆ ಭಿನ್ನವಾಗಲು ಮುಖ್ಯ ಕಾರಣ ಅವುಗಳ ಕಾಲಮಾನ. ಹಸಿರು ಕಡಲಾಮೆ ಪ್ರೌಢಾವಸ್ಥೆಗೆ ಬರಲು ಸಾಮಾನ್ಯವಾಗಿ 25ರಿಂದ 40 ವರ್ಷ ಬೇಕು. ಹೆಣ್ಣಾಮೆ ಎರಡರಿಂದ ನಾಲ್ಕು ವರ್ಷಗಳಿಗೊಮ್ಮೆ ದಡಕ್ಕೆ ಬಂದು, ಪ್ರತಿ ಗೂಡಿನಲ್ಲಿ ನೂರಕ್ಕೂ ಮಿಕ್ಕ ಮೊಟ್ಟೆಗಳನ್ನಿಟ್ಟು ಮರಳುತ್ತದೆ. ಹಸಿರು ಬೂಷ್ಟು ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಮೂರರಿಂದ ಐದು ದಿನಗಳಲ್ಲಿ ತನ್ನ ಚಕ್ರವನ್ನು ಮುಗಿಸುತ್ತದೆ. ಕೊಳೆತ ಒಂದೇ ಹಣ್ಣಿನಿಂದ 100ರಿಂದ 200 ಕೋಟಿ ಬೀಜಕಗಳು ಹೊರಬೀಳಬಲ್ಲವು. ಆನ್ಸನ್ನನ ನಾವಿಕರು ಮಗುಚಿಹಾಕಿದ ಒಂದು ಹೆಣ್ಣಾಮೆಯ ಜಾಗ ತುಂಬಲು ಒಂದು ತಲೆಮಾರಿನ ಮನುಷ್ಯಾಯುಷ್ಯ ಬೇಕಿತ್ತು. ಅದೇ ಹಡಗಿನಲ್ಲಿ ಎಸೆದ ಒಂದು ಕೊಳೆತ ನಿಂಬೆಯ ಜಾಗವನ್ನು ತುಂಬಲು ಒಂದು ವಾರವೂ ಬೇಕಿರಲಿಲ್ಲ.

ಇದರಿಂದ ಒಂದು ವೈರುದ್ಧ್ಯ ಸ್ಪಷ್ಟವಾಗುತ್ತದೆ. ಮನುಷ್ಯನು ಉಳಿಸಿಕೊಳ್ಳಬಯಸಿದ್ದನ್ನು ಕಳೆದುಕೊಂಡನು, ಅಳಿಸಬಯಸಿದ್ದನ್ನು ಬಲಪಡಿಸಿದನು. ಆಮೆಯ ಬೇಟೆಗಾರನಿಗೆ ಆಮೆ ಬೇಡವಾಗಿರಲಿಲ್ಲ. ಅವನ ಜೀವನೋಪಾಯವೇ ಅದು. ಹಣ್ಣಿನ ವರ್ತಕನಿಗೆ ಬೂಷ್ಟು ಬೇಡವಾಗಿತ್ತು. ಅವನು ಹಾಕಿದ ವಿಷವೇ ಗಟ್ಟಿ ತಳಿಯನ್ನು ಆರಿಸಿಕೊಟ್ಟಿತು. ಎರಡೂ ಕಡೆ ತಪ್ಪಿದ್ದು ಉದ್ದೇಶವಲ್ಲ, ಆಯಾ ಜೀವಿಯ ಕಾಲದ ಲೆಕ್ಕ.

ಕಾನೂನಿನ ಸ್ವರೂಪದಲ್ಲಿಯೂ ಈ ಭೇದವಿದೆ. ಆಮೆಯ ರಕ್ಷಣೆಗಾಗಿ ಬರ್ಮುಡಾದ ಕಾನೂನಿನಿಂದ ಹಿಡಿದು ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ 1975ರಲ್ಲಿ ಜಾರಿಗೆ ಬಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದವರೆಗೆ ಕಾನೂನುಗಳ ಸಾಲೇ ಇದೆ. ಫಲವೂ ದೊರೆತಿದೆ. ಕೋಸ್ಟರೀಕಾದ ಟೋರ್ಟುಗೇರೊ ತೀರದಲ್ಲಿ ಆರ್ಚಿ ಕಾರ್ 1950ರ ದಶಕದಲ್ಲಿ ಆರಂಭಿಸಿದ ಅಧ್ಯಯನವು ಸಂರಕ್ಷಣಾ ಚಳವಳಿಯಾಗಿ ಬೆಳೆಯಿತು. ಅಸೆನ್ಷನ್ ದ್ವೀಪದಲ್ಲಿ ಗೂಡುಗಳ ಸಂಖ್ಯೆ 1970ರ ದಶಕದಿಂದೀಚೆಗೆ ಸುಮಾರು ಆರು ಪಟ್ಟು ಹೆಚ್ಚಿತು. 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಹಸಿರು ಕಡಲಾಮೆಯನ್ನು 'ಅಪಾಯಕ್ಕೊಳಗಾದ' ವರ್ಗದಿಂದ ತೆಗೆದು 'ಕಡಿಮೆ ಕಾಳಜಿಯ' ವರ್ಗಕ್ಕೆ ಸೇರಿಸಿತು. ಇದು ಸಂತೋಷದ ಸಂಗತಿ. ಆದರೆ ಇತಿಹಾಸಕಾರನು ಇಲ್ಲಿ ಎಚ್ಚರ ವಹಿಸಬೇಕು. ಈ ಏರಿಕೆಯನ್ನು ಅಳೆದದ್ದು ಇಪ್ಪತ್ತನೆಯ ಶತಮಾನದ ಅಂಕಿಗಳಿಂದ. ಕೊಲಂಬಸನ ಕಾಲದ ಕೇಮನ್ ಆ ಲೆಕ್ಕದಲ್ಲಿ ಸೇರಿಲ್ಲ. ಎಣಿಕೆ ಆರಂಭವಾಗುವ ಮುನ್ನವೇ ಕಳೆದುಹೋದದ್ದನ್ನು ಹಳೆಯ ಬರವಣಿಗೆಗಳು ಮಾತ್ರ ಹೇಳಬಲ್ಲವು.

ಚೇತರಿಕೆಯೂ ಹೊಸ ಪ್ರಶ್ನೆಗಳನ್ನು ತಂದಿದೆ. ಲಕ್ಷದ್ವೀಪದ ಅಗತ್ತಿಯ ಕೊಳದಲ್ಲಿ ಹಸಿರು ಕಡಲಾಮೆಗಳು ಹೆಚ್ಚಿ ಕಡಲಹುಲ್ಲಿನ ಬಯಲನ್ನು ಮೇಯ್ದು ತೆಳುವಾಗಿಸಿದವು. ಅದರಿಂದ ಮೀನು ಕಡಿಮೆಯಾಯಿತು, ಬಲೆ ಹರಿಯಿತು ಎಂಬುದು ಅಲ್ಲಿಯ ಮೀನುಗಾರರ ದೂರು. ಸಮೃದ್ಧಿಯೆಂದರೆ ಏನೆಂಬುದನ್ನು ಸಂರಕ್ಷಕನೂ ಮೀನುಗಾರನೂ ಒಂದೇ ಬಗೆಯಲ್ಲಿ ಅರ್ಥೈಸುವುದಿಲ್ಲ.

7. ಕರ್ನಾಟಕದ ಸಂದರ್ಭ ಮತ್ತು ಉಪಸಂಹಾರ

ಕರ್ನಾಟಕದ ತೀರದಲ್ಲಿ ಮೊಟ್ಟೆಯಿಡುವುದು ಮುಖ್ಯವಾಗಿ ಆಲಿವ್ ರಿಡ್ಲೆ ಎಂಬ ಬೇರೆ ಪ್ರಭೇದ. ಹೊನ್ನಾವರ, ಕುಂದಾಪುರ ಮೊದಲಾದೆಡೆ ಅದರ ಗೂಡುಗಳು ಕಂಡುಬರುತ್ತವೆ. ಒಳನಾಡಿನಲ್ಲಿ ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆಯೂ ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಯೂ ಇವೆ. ಹೀಗೆ ಆಮೆ ಮತ್ತು ಹುಳಿಹಣ್ಣು ಎಂಬ ಎರಡು ಎಳೆಗಳೂ ನಮ್ಮ ನಾಡಿನಲ್ಲಿವೆ. ಆದರೆ ಇವುಗಳ ಇತಿಹಾಸದ ಬಹುಭಾಗ ಬರವಣಿಗೆಗೆ ಇಳಿದಿಲ್ಲ. ಯಾವ ಕಡಲತಡಿಯಲ್ಲಿ ಎಷ್ಟು ಆಮೆಗಳು ಏರಿಬರುತ್ತಿದ್ದವೆಂಬುದು ಖಾರ್ವಿ, ಮೊಗವೀರ, ಹರಿಕಂತ್ರ ಸಮುದಾಯಗಳ ಹಿರಿಯರ ನೆನಪಿನಲ್ಲಿದೆ. ಯಾವ ತಿಂಗಳ ಹಣ್ಣು ಎಷ್ಟು ದಿನ ತಾಳುತ್ತದೆ, ಗೋಣಿಯಲ್ಲಿ ಬೂಷ್ಟು ಹಿಡಿದ ಮೊದಲ ಕಾಯಿಯನ್ನು ಹೇಗೆ ಪತ್ತೆಹಚ್ಚಬೇಕು ಎಂಬುದು ತೋಟದ ಕೆಲಸಗಾರರ ಮತ್ತು ಮಂಡಿ ವರ್ತಕರ ಅರಿವಿನಲ್ಲಿದೆ. ಆ ಪೀಳಿಗೆ ಮರೆಯಾಗುವ ಮುನ್ನ ಈ ಮೌಖಿಕ ಸಾಮಗ್ರಿಯನ್ನು ದಾಖಲಿಸುವುದು, ಬಂದರುಗಳ ಸುಂಕದ ಕಡತಗಳನ್ನು ಈ ದೃಷ್ಟಿಯಿಂದ ಮರುಪರಿಶೀಲಿಸುವುದು ಅಗತ್ಯವಾಗಿ ಆಗಬೇಕಾದ ಕಾರ್ಯ.

ಒಟ್ಟಿನಲ್ಲಿ ಹಸಿರು ಕಡಲಾಮೆ ಮತ್ತು ಹಸಿರು ಬೂಷ್ಟುಗಳ ತುಲನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಆಹಾರವು ಕೆಡುವ ಹಾಗೂ ಉಳಿಯುವ ಗುಣವು ನೌಕಾಯಾನದ ಗತಿಯನ್ನು ನಿರ್ಧರಿಸಿದ ಅಂಶಗಳಲ್ಲೊಂದು. ಎರಡನೆಯದಾಗಿ, ಒಂದು ಜೀವಿಯ ಉಳಿವು-ಅಳಿವುಗಳನ್ನು ಮನುಷ್ಯನ ಇಚ್ಛೆಗಿಂತ ಆ ಜೀವಿಯ ತಲೆಮಾರಿನ ಅವಧಿ ಹೆಚ್ಚಾಗಿ ನಿಯಂತ್ರಿಸುತ್ತದೆ. ಮೂರನೆಯದಾಗಿ, ಎಣಿಕೆ ಎಲ್ಲಿಂದ ಆರಂಭವಾಯಿತೆಂಬುದನ್ನು ತಿಳಿಯದೆ ಏರಿಕೆ-ಇಳಿಕೆಗಳ ಮಾತನ್ನು ಆಡಲಾಗದು. ಆ ಆರಂಭಬಿಂದುವನ್ನು ಹಿಂದಕ್ಕೆ ಒಯ್ಯುವ ಹೊಣೆ ಜೀವವಿಜ್ಞಾನಿಯದಷ್ಟೇ ಇತಿಹಾಸಕಾರನದೂ ಆಗಿದೆ.